ಶಕ್ತಿಯ ಬೆಲೆ ತೆರುವವರು ಯಾರು: ಹದಿಹರೆಯದವರ ನಾಲ್ಕು ಫ್ಯಾಂಟಸಿ ಕಾದಂಬರಿಗಳು

ಹ್ಯಾರಿ ಪಾಟರ್‌ನ ಏಳೂ ಸಂಪುಟಗಳನ್ನು ಮುಗಿಸಿದ ಮಕ್ಕಳು ‘ಮುಂದೆ ಏನು ಓದಲಿ’ ಎಂದು ಕೇಳುವ ಮನೆಗಳು ಈಗ ನಮ್ಮಲ್ಲಿ ಬೇಕಾದಷ್ಟಿವೆ. ಪುಸ್ತಕದಂಗಡಿಯ ‘ಯಂಗ್ ಅಡಲ್ಟ್’ ಕಪಾಟಿನ ಮುಂದೆ ನಿಂತರೆ ಕಿರೀಟ, ಕತ್ತಿ, ಡ್ರ್ಯಾಗನ್‌ಗಳ ಮುಖಪುಟಗಳು ಒಂದನ್ನೊಂದು ಹೋಲುತ್ತವೆ. ಹಿಂಬದಿಯ ಹೊಗಳಿಕೆಯನ್ನು ನಂಬಿ ಕೊಂಡುತಂದರೆ ಅರ್ಧಕ್ಕೇ ಬಿಟ್ಟ ಪುಸ್ತಕಗಳು ಮನೆಯಲ್ಲಿ ಕೂಡಿಬೀಳುತ್ತವೆ. ಈ ಬಗೆಯ ಸಾಹಿತ್ಯವನ್ನು ಬಹುಕಾಲದಿಂದ ಪ್ರೀತಿಯಿಂದ ಓದುತ್ತ ಬಂದಿರುವ ನಾನು, ಒಂಬತ್ತನೆಯ ತರಗತಿಯಲ್ಲಿರುವ ಅಕ್ಕನ ಮಗಳ ಜೊತೆ ಕುಳಿತು ನಾಲ್ಕು ಕಾದಂಬರಿಗಳನ್ನು ಒಂದರ ಹಿಂದೊಂದರಂತೆ ಮತ್ತೆ ಓದಿದೆ. ಉರ್ಸುಲಾ ಲೆ ಗ್ವಿನ್ ಅವರ ‘ಎ ವಿಝರ್ಡ್ ಆಫ್ ಅರ್ತ್‌ಸೀ’ (1968), ಫಿಲಿಪ್ ಪುಲ್‌ಮನ್ ಅವರ ‘ನಾರ್ದರ್ನ್ ಲೈಟ್ಸ್’ (1995), ಗಾರ್ತ್ ನಿಕ್ಸ್ ಅವರ ‘ಸೇಬ್ರಿಯಲ್’ (1995) ಮತ್ತು ಟೋಮಿ ಅಡೆಯೆಮಿ ಅವರ ‘ಚಿಲ್ಡ್ರನ್ ಆಫ್ ಬ್ಲಡ್ ಆ್ಯಂಡ್ ಬೋನ್’ (2018) ಆ ನಾಲ್ಕು ಕೃತಿಗಳು. ಲೇಖಕರಲ್ಲಿ ಒಬ್ಬರು ಅಮೆರಿಕದವರು, ಒಬ್ಬರು ಇಂಗ್ಲೆಂಡಿನವರು, ಒಬ್ಬರು ಆಸ್ಟ್ರೇಲಿಯಾದವರು, ಇನ್ನೊಬ್ಬರು ನೈಜೀರಿಯಾ ಮೂಲದ ಅಮೆರಿಕನ್ ಲೇಖಕಿ.

ಮಂತ್ರಶಕ್ತಿಯ ಕತೆಗಳನ್ನು ತೂಗುವಾಗ ನಾನು ಮೊದಲು ನೋಡುವುದು ಆ ಶಕ್ತಿಗೆ ಬೆಲೆಯಿದೆಯೇ, ಇದ್ದರೆ ಅದನ್ನು ತೆರುವವರು ಯಾರು ಎಂಬುದನ್ನು. ಬೆಲೆಯಿಲ್ಲದ ಮಾಂತ್ರಿಕತೆ ಕತೆಗಾರನಿಗೆ ಅನುಕೂಲ ಮಾಡಿಕೊಡುತ್ತದೆಯೇ ಹೊರತು ಓದುಗನ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ತನ್ನೊಳಗೆ ಏನೋ ಬಲ ಕೂಡುತ್ತಿದೆ ಎಂದು ಮೊದಲ ಬಾರಿಗೆ ಅನಿಸುವ ವಯಸ್ಸಿನ ಓದುಗರಿಗಂತೂ ಈ ಪ್ರಶ್ನೆ ಕತೆಯ ಹೊರಗಿನದಲ್ಲ. ನಾಲ್ಕೂ ಕಾದಂಬರಿಗಳು ಇದಕ್ಕೆ ಬೇರೆಬೇರೆ ಉತ್ತರ ಕೊಡುತ್ತವೆ, ಮತ್ತು ನನ್ನ ಮಟ್ಟಿಗೆ ಅವುಗಳ ಏರುತಗ್ಗು ತೀರ್ಮಾನವಾಗುವುದು ಆ ಉತ್ತರದಲ್ಲಿ.

ಮೊದಲಿಗೆ ಆರಂಭಗಳನ್ನು ನೋಡಬಹುದು, ಏಕೆಂದರೆ ಹದಿನಾಲ್ಕರ ಓದುಗರು ಪುಸ್ತಕಕ್ಕೆ ಕೊಡುವ ಅವಕಾಶ ಹೆಚ್ಚೆಂದರೆ ಮೊದಲೆರಡು ಅಧ್ಯಾಯ. ‘ನಾರ್ದರ್ನ್ ಲೈಟ್ಸ್’ನಲ್ಲಿ ಆಕ್ಸ್‌ಫರ್ಡಿನ ಜೋರ್ಡನ್ ಕಾಲೇಜಿನಲ್ಲಿ ಬೆಳೆದ ಲೈರಾ ಎಂಬ ಹುಡುಗಿ, ಹೆಣ್ಣುಮಕ್ಕಳು ಕಾಲಿಡಬಾರದ ಕೋಣೆಯೊಂದಕ್ಕೆ ನುಗ್ಗಿ, ದೊಡ್ಡವರು ಬಂದಾಗ ಬಟ್ಟೆಯ ಬೀರುವಿನೊಳಗೆ ಅಡಗುತ್ತಾಳೆ. ಕಾಲೇಜಿನ ಮುಖ್ಯಸ್ಥರೇ ಮದ್ಯಕ್ಕೆ ವಿಷ ಬೆರೆಸುವುದು ಅವಳ ಕಣ್ಣಿಗೆ ಬೀಳುತ್ತದೆ. ಆ ಪುಟಗಳನ್ನು ಓದಿದ ಮೇಲೆ ಪುಸ್ತಕ ಕೆಳಗಿಡುವವರು ಅಪರೂಪ. ‘ಸೇಬ್ರಿಯಲ್’ನ ಮೊದಲ ಅಧ್ಯಾಯದಲ್ಲಿ ವಸತಿಶಾಲೆಯ ಪುಟ್ಟ ಹುಡುಗಿಯೊಬ್ಬಳ ಮೊಲ ವಾಹನಕ್ಕೆ ಸಿಕ್ಕಿ ಸತ್ತಿರುತ್ತದೆ, ಅವಳ ಅಳುವನ್ನು ನೋಡಲಾರದೆ ಹದಿನೆಂಟರ ನಾಯಕಿ ಸಾವಿನೊಳಕ್ಕೆ ಹೋಗಿ ಆ ಮೊಲವನ್ನು ಮರಳಿ ತರುತ್ತಾಳೆ. ಅಡೆಯೆಮಿ ಅವರ ಕಾದಂಬರಿ ಹಳ್ಳಿಯ ಗುಡಿಸಲೊಂದರಲ್ಲಿ ಹುಡುಗಿಯರು ಗುಟ್ಟಾಗಿ ಕೋಲುವರಸೆ ಕಲಿಯುವ ದೃಶ್ಯದಿಂದ ತೊಡಗಿ, ತೆರಿಗೆ ಕೇಳಲು ರಾಜಭಟರು ಬಂದ ಕೂಡಲೇ ಎಲ್ಲರೂ ಹೊಲಿಗೆಯ ತರಗತಿಯಂತೆ ನಟಿಸುವ ಕ್ಷಣಕ್ಕೆ ಬರುತ್ತದೆ. ಈ ಮೂರರ ಪಕ್ಕದಲ್ಲಿ ‘ಅರ್ತ್‌ಸೀ’ ನಿಧಾನದ್ದು. ಗಾಂಟ್ ಎಂಬ ಪರ್ವತದ್ವೀಪ, ತಾಯಿಯಿಲ್ಲದ ಹುಡುಗ, ಅವನು ಮೇಯಿಸುವ ಆಡುಗಳು, ಊರಿನ ಮಾಟಗಾತಿಯಾದ ದೊಡ್ಡಮ್ಮನೋ ಚಿಕ್ಕಮ್ಮನೋ ಆಗಬಹುದಾದ ಹೆಂಗಸು, ಎಲ್ಲವನ್ನೂ ಯಾರೋ ಹಿರಿಯರು ಬಹಳ ಹಿಂದೆ ನಡೆದದ್ದನ್ನು ಹೇಳುವ ಧಾಟಿಯಲ್ಲಿ ಹೇಳಲಾಗಿದೆ. ಸಂಭಾಷಣೆ ಕಡಿಮೆ. ಅಕ್ಕನ ಮಗಳು ಇಲ್ಲಿ ಚಡಪಡಿಸಿದ್ದು ನಿಜ. ಆದರೆ ಆ ಹುಡುಗ ಕದ್ದು ಕೇಳಿದ ಮಾತನ್ನು ಉಚ್ಚರಿಸಿ ಆಡುಗಳನ್ನು ಕರೆದಾಗ ಅವು ಬಂದು ಸುತ್ತಲೂ ಒತ್ತಿಕೊಂಡು ನಿಂತು ಬಿಡಲೊಲ್ಲದ ಪ್ರಸಂಗ ಬಂದಾಗ ಅವಳು ಸುಮ್ಮನಾದಳು. ಕರೆಯುವುದು ಗೊತ್ತು, ಬಿಡಿಸುವುದು ಗೊತ್ತಿಲ್ಲ: ಇಡೀ ಕಾದಂಬರಿಯ ಬೀಜ ಅಷ್ಟು ಚಿಕ್ಕ ಘಟನೆಯಲ್ಲಿದೆ.

ಆ ಹುಡುಗನಿಗೆ ಹದಿಮೂರು ತುಂಬಿದಾಗ ಅವನ ಬಾಲ್ಯದ ಹೆಸರನ್ನು ಹಿಂತೆಗೆದುಕೊಳ್ಳುತ್ತಾರೆ. ಅವನು ತಣ್ಣಗಿನ ಝರಿಯನ್ನು ದಾಟಿ ಆಚೆಯ ದಡಕ್ಕೆ ಬಂದಾಗ ಮೌನಿಯಾದ ಒಗಿಯನ್ ಎಂಬ ಮಾಂತ್ರಿಕ ಅವನ ನಿಜನಾಮವನ್ನು ಪಿಸುಮಾತಿನಲ್ಲಿ ಹೇಳುತ್ತಾನೆ: ಗೆಡ್. ನಾಮಕರಣದಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವುದನ್ನು ಕಂಡು ಬೆಳೆದ ನಮಗೆ ಈ ದೃಶ್ಯ ಪರಕೀಯವೆನಿಸದು. ಈ ದ್ವೀಪಲೋಕದಲ್ಲಿ ವಸ್ತುವಿನ ನಿಜನಾಮ ಬಲ್ಲವನಿಗೆ ಅದರ ಮೇಲೆ ಹಿಡಿತ ಸಿಗುತ್ತದೆ. ಹಾಗೆಂದೇ ನಿಜನಾಮವನ್ನು ಯಾರಿಗಾದರೂ ತಿಳಿಸುವುದು ಪರಮ ವಿಶ್ವಾಸದ ಗುರುತು. ರೋಕ್ ದ್ವೀಪದ ಮಾಂತ್ರಿಕರ ಶಾಲೆಯಲ್ಲಿ, ಜಾಸ್ಪರ್ ಎಂಬ ಸಹಪಾಠಿಯ ಮೂದಲಿಕೆಗೆ ಕೆರಳಿ, ಗೆಡ್ ಸತ್ತವಳೊಬ್ಬಳ ಚೇತನವನ್ನು ಕರೆಯುತ್ತಾನೆ. ಆ ಕರೆಯಿಂದ ಲೋಕದಲ್ಲಿ ಬಿದ್ದ ಸೀಳಿನಿಂದ ರೂಪವಿಲ್ಲದ ನೆರಳೊಂದು ಹೊರಬಂದು ಅವನ ಮುಖವನ್ನು ಹರಿಯುತ್ತದೆ. ಆ ಸೀಳನ್ನು ಮುಚ್ಚುವ ಯತ್ನದಲ್ಲಿ ಶಾಲೆಯ ಹಿರಿಯ ಮಾಂತ್ರಿಕ ನೆಮ್ಮರ್ಲ್ ಪ್ರಾಣ ಬಿಡುತ್ತಾನೆ. ಅಲ್ಲಿಂದ ಮುಂದೆ ಕತೆಯೆಲ್ಲ ಗೆಡ್ ಮತ್ತು ಆ ನೆರಳಿನದು. ಮೊದಲು ಅದು ಅವನನ್ನು ಬೆನ್ನಟ್ಟುತ್ತದೆ. ಒಗಿಯನ್‌ನ ಮಾತಿನಂತೆ ಅವನು ತಿರುಗಿ ನಿಂತಾಗ ಅವನೇ ಅದನ್ನು ಬೆನ್ನಟ್ಟತೊಡಗುತ್ತಾನೆ. ಎದುರಾಳಿ ಸೈನ್ಯವಿಲ್ಲ, ದುಷ್ಟ ಚಕ್ರವರ್ತಿಯಿಲ್ಲ, ಅಂತಿಮ ಯುದ್ಧವೂ ಇಲ್ಲ. ಸಾಲ ಮಾಡಿದವನೇ ತೀರಿಸಬೇಕು ಎಂಬ ನಿಯಮವನ್ನು ಇಷ್ಟು ಕಟ್ಟುನಿಟ್ಟಾಗಿ ಪಾಲಿಸಿದ ಇನ್ನೊಂದು ಹದಿಹರೆಯದ ಕಾದಂಬರಿಯನ್ನು ನಾನು ಓದಿಲ್ಲ.

ಪುಲ್‌ಮನ್ ಅವರ ಲೋಕದಲ್ಲಿ ಲೆಕ್ಕ ತಿರುವುಮುರುವು. ಅಲ್ಲಿ ದೊಡ್ಡವರು ಮಾಡಿದ ಮಹತ್ವಾಕಾಂಕ್ಷೆಯ ಸಾಲವನ್ನು ಮಕ್ಕಳು ತೀರಿಸುತ್ತಾರೆ. ಪ್ರತಿ ಮನುಷ್ಯನ ಆತ್ಮವೂ ಪ್ರಾಣಿಯ ರೂಪದಲ್ಲಿ, ‘ಡೀಮನ್’ ಆಗಿ, ಅವನ ಜೊತೆಯಲ್ಲೇ ಇರುತ್ತದೆ. ಮಕ್ಕಳ ಡೀಮನ್ ಗಳಿಗೆಗೊಂದು ರೂಪ ತಾಳಬಲ್ಲದು. ಯೌವನ ಬಂದಂತೆ ಅದು ಒಂದೇ ರೂಪಕ್ಕೆ ನೆಲೆಗೊಳ್ಳುತ್ತದೆ. ಹದಿಹರೆಯದ ಬಗ್ಗೆ ಫ್ಯಾಂಟಸಿ ಸಾಹಿತ್ಯ ಕಲ್ಪಿಸಿದ ಅತ್ಯುತ್ತಮ ಪ್ರತಿಮೆ ಇದೆಂದು ನಾನು ನಂಬಿದ್ದೇನೆ. ಲೈರಾಳ ಪ್ಯಾಂಟಲೈಮನ್ ಪತಂಗವಾಗಿ, ಮುಂಗುಸಿಯನ್ನು ಹೋಲುವ ಪುಟ್ಟ ಪ್ರಾಣಿಯಾಗಿ, ಬೆಕ್ಕಾಗಿ ಬದಲಾಗುತ್ತ ಹೋಗುವಾಗ ಅಕ್ಕನ ಮಗಳು ಪುಸ್ತಕದಿಂದ ತಲೆಯೆತ್ತಿ, “ಚಿಕ್ಕಮ್ಮ, ನಿಂದು ಯಾವುದಕ್ಕೆ ನಿಂತಿರಬಹುದು?” ಎಂದು ಕೇಳಿದಳು. ಓದುಗರನ್ನು ತಮ್ಮ ಬಗ್ಗೆಯೂ ಪಕ್ಕದಲ್ಲಿರುವವರ ಬಗ್ಗೆಯೂ ಇಷ್ಟು ಸಹಜವಾಗಿ ಯೋಚಿಸುವಂತೆ ಮಾಡುವ ಕಲ್ಪನೆ ಉಳಿದ ಮೂರು ಪುಸ್ತಕಗಳಲ್ಲಿ ಇಲ್ಲ.

ಉತ್ತರದ ಹಿಮನಾಡಿನ ಬೊಲ್ವಾಂಗರ್ ಎಂಬಲ್ಲಿ ಮಕ್ಕಳನ್ನು ಅವರ ಡೀಮನ್‌ನಿಂದ ಕತ್ತರಿಸಿ ಬೇರ್ಪಡಿಸುವ ಪ್ರಯೋಗ ನಡೆಯುತ್ತಿರುತ್ತದೆ. ಹಾಗೆ ಬೇರ್ಪಟ್ಟ ಟೋನಿ ಎಂಬ ಹುಡುಗನನ್ನು ಲೈರಾ ಮೀನಿನ ಕೊಟ್ಟಿಗೆಯೊಂದರಲ್ಲಿ ಕಾಣುತ್ತಾಳೆ. ಕಳೆದುಹೋದ ತನ್ನ ಡೀಮನ್‌ನ ಜಾಗದಲ್ಲಿ ಅವನು ಒಣಮೀನೊಂದನ್ನು ಎದೆಗೆ ಅವುಚಿಕೊಂಡಿರುತ್ತಾನೆ. ಅವನು ಸತ್ತ ಮೇಲೆ ಆ ಮೀನನ್ನು ಯಾರೋ ನಾಯಿಗಳಿಗೆ ಹಾಕಿದ್ದು ತಿಳಿದು ಲೈರಾ ಸಿಡಿದೇಳುತ್ತಾಳೆ. ಬಳಿಕ ಚಿನ್ನದ ನಾಣ್ಯವೊಂದರ ಮೇಲೆ ಅವನ ಡೀಮನ್‌ನ ಹೆಸರನ್ನು ಚಾಕುವಿನಿಂದ ಕೊರೆದು ಶವದ ಬಾಯಲ್ಲಿಡುತ್ತಾಳೆ. ಇಡೀ ಕಾದಂಬರಿಯ ನೈತಿಕ ತೂಕ ಆ ಒಂದು ಪುಟದಲ್ಲಿದೆ. ಇದನ್ನು ಓದಿದ ಮಗುವಿಗೆ, ಜ್ಞಾನದ ಹೆಸರಿನಲ್ಲಿಯೋ ಧರ್ಮದ ಹೆಸರಿನಲ್ಲಿಯೋ ಇನ್ನೊಬ್ಬರ ಮೇಲೆ ಹೊರಿಸುವ ನೋವನ್ನು ಗುರುತಿಸಲು ಯಾರೂ ಬೇರೆಯಾಗಿ ಕಲಿಸಬೇಕಿಲ್ಲ. ಲೈರಾ ಸುಳ್ಳು ಹೇಳುವುದರಲ್ಲಿ ನಿಪುಣೆ ಎಂಬುದೂ ಗಮನಿಸತಕ್ಕದ್ದು. ಕವಚಧಾರಿ ಕರಡಿಗಳ ರಾಜನನ್ನು ಅವಳು ಮರುಳು ಮಾಡುವುದು, ಡೀಮನ್ ಬೇಕೆಂಬ ಅವನ ಒಳಗಿನ ಹಂಬಲವನ್ನೇ ಹಿಡಿದು. ಗೆಡ್‌ನ ದೋಷ ಅವನನ್ನು ಮುಳುಗಿಸುತ್ತದೆ. ಲೈರಾಳ ದೋಷವೇ ಅವಳನ್ನು ಬದುಕಿಸುತ್ತದೆ. ಎರಡೂ ಹದಿಹರೆಯದ ಬಗ್ಗೆ ನಿಜವೇ.

‘ಸೇಬ್ರಿಯಲ್’ನಲ್ಲಿ ಬೆಲೆ ವಂಶಪಾರಂಪರ್ಯವಾಗಿ ಬಂದದ್ದು. ಸತ್ತವರು ಸತ್ತೇ ಇರುವಂತೆ ನೋಡಿಕೊಳ್ಳುವ ‘ಅಭೋರ್ಸನ್’ ಎಂಬ ಹುದ್ದೆ ಅವಳ ತಂದೆಯದು. ಅವನು ಸಾವಿನೊಳಗೆ ಸಿಕ್ಕಿಬಿದ್ದಾಗ ಅವನ ಕತ್ತಿಯೂ ಗಂಟೆಗಳೂ ಮಗಳ ಕೈಗೆ ಬರುತ್ತವೆ. ಇಲ್ಲಿ ಸಾವೆಂದರೆ ಒಂಬತ್ತು ಬಾಗಿಲುಗಳ ಮೂಲಕ ಹರಿದುಹೋಗುವ ತಣ್ಣನೆಯ ನದಿ. ಅವಳು ಆ ನೀರಿನಲ್ಲಿ ನಡೆಯುತ್ತಿರುವಾಗ ಇತ್ತ ಬದುಕಿನಲ್ಲಿ ನಿಂತ ಅವಳ ದೇಹದ ಮೇಲೆ ಮಂಜು ಹೆಪ್ಪುಗಟ್ಟುತ್ತದೆ. ಎದೆಗೆ ಅಡ್ಡಲಾಗಿ ಕಟ್ಟಿದ ಪಟ್ಟಿಯಲ್ಲಿ ಏಳು ಗಂಟೆಗಳು: ಚಿಕ್ಕದಾದ ರಾನ್ನಾ ನಿದ್ದೆ ತರಿಸುತ್ತದೆ, ಸಾರನೆತ್ ಸತ್ತವರನ್ನು ಆಜ್ಞೆಗೆ ಒಳಪಡಿಸುತ್ತದೆ. ಮೋಸ್ರೇಲ್ ಬಾರಿಸಿದರೆ ಕೇಳಿದ ಪ್ರೇತ ಬದುಕಿನತ್ತ ಬರುವಷ್ಟೇ ದೂರ ಬಾರಿಸಿದವರು ಸಾವಿನತ್ತ ಜಾರುತ್ತಾರೆ. ಕೊನೆಯದಾದ ಅಸ್ಟರೇಲ್ ತನ್ನ ದನಿ ಕೇಳಿದ ಎಲ್ಲರನ್ನೂ, ಬಾರಿಸಿದವರನ್ನೂ ಸೇರಿಸಿ, ಸಾವಿಗೆ ತಳ್ಳುತ್ತದೆ. ಮಂತ್ರಶಕ್ತಿಯ ಕಟ್ಟಳೆಗಳನ್ನು ರೂಪಿಸುವ ಕೈಚಳಕದಲ್ಲಿ ನಿಕ್ಸ್ ಈ ನಾಲ್ವರಲ್ಲಿ ಮೊದಲಿಗರು. ಯಾವ ಗಂಟೆ, ಯಾವಾಗ, ಎಷ್ಟು ಎಚ್ಚರದಿಂದ ಎಂಬ ಆತಂಕ ಓದುಗರ ಬೆರಳಿಗೂ ತಗಲುತ್ತದೆ. ಗಂಟೆಯ ನಾಲಿಗೆ ಅಕಸ್ಮಾತ್ ಅಲುಗದಂತೆ ಹಿಡಿಯಬೇಕೆಂಬಂಥ ವಿವರಗಳು ಇಡೀ ಲೋಕವನ್ನು ನಂಬಿಸುತ್ತವೆ. ಮೊಗೆಟ್ ಎಂಬ ಬಿಳಿಯ ಬೆಕ್ಕಂತೂ ಮರೆಯಲಾಗದ ಸೃಷ್ಟಿ: ಅದು ಸೌಮ್ಯ ಸಂಗಾತಿಯೋ, ಕೊರಳಪಟ್ಟಿ ಕಳಚಿದರೆ ಕೊಲ್ಲಬಲ್ಲ ಶತ್ರುವೋ ಎಂಬ ಅನುಮಾನ ಕೊನೆಯವರೆಗೂ ಬಿಡುವುದಿಲ್ಲ.

ಆದರೆ ಕೈಚಳಕ ಒಂದು, ಒಳಗನ್ನು ಕಲಕುವುದು ಇನ್ನೊಂದು. ಸೇಬ್ರಿಯಲ್ ಮೊದಲ ಪುಟದಿಂದಲೇ ಧೈರ್ಯವಂತೆ, ಜವಾಬ್ದಾರಿಯುಳ್ಳವಳು. ಅವಳು ಕಲಿಯುತ್ತಾಳೆ, ಬದಲಾಗುವುದು ಕಡಿಮೆ. ಶತಮಾನಗಳ ಕಾಲ ಹಡಗಿನ ಮುಂಭಾಗದ ಮರದ ಗೊಂಬೆಯಾಗಿ ನಿಂತಿದ್ದ ಟಚ್‌ಸ್ಟೋನ್ ಎಂಬ ಯುವಕನೊಡನೆ ಅವಳ ಪ್ರೇಮ ಅವಸರದಲ್ಲಿ ಮುಗಿದುಹೋಗುತ್ತದೆ. ದ್ವಿತೀಯಾರ್ಧದ ಓಟದಲ್ಲಿ ತಂದೆಯನ್ನು ಕಳೆದುಕೊಳ್ಳುವ ಶೋಕಕ್ಕೂ ಸಾಕಷ್ಟು ಜಾಗ ಸಿಕ್ಕಿಲ್ಲ ಎಂಬುದು ನನಗೆ ನಿಜವಾದ ಕೊರತೆಯಾಗಿ ಕಂಡಿತು.

ಅಡೆಯೆಮಿ ಅವರ ಕಾದಂಬರಿಯ ಬಗ್ಗೆ ನನಗೆ ಗೌರವವಿದೆ, ಒಲವು ಅಷ್ಟಿಲ್ಲ. ಒರಿಶಾ ಎಂಬ ರಾಜ್ಯದಲ್ಲಿ ‘ಮಾಜಿ’ ಎಂದು ಕರೆಯಲಾಗುವ ಬಿಳಿಕೂದಲಿನ ಮಾಂತ್ರಿಕರು ಮಂತ್ರಶಕ್ತಿ ಕಳೆದುಕೊಂಡ ರಾತ್ರಿ ಅರಸ ಸಾರನ್ ಆ ಜನರ ಮಾರಣಹೋಮ ನಡೆಸಿರುತ್ತಾನೆ. ತಾಯಿಯನ್ನು ಹಾಗೆ ಕಳೆದುಕೊಂಡ ಝೇಲಿ ಹನ್ನೊಂದು ವರ್ಷಗಳ ಬಳಿಕ ಆ ಶಕ್ತಿಯನ್ನು ಮರಳಿ ತರಲು ಹೊರಡುತ್ತಾಳೆ. ಮಂತ್ರಗಳು ಯೊರೂಬಾ ಭಾಷೆಯಲ್ಲಿವೆ, ದೇವತೆಗಳು ಪಶ್ಚಿಮ ಆಫ್ರಿಕಾದ ಪರಂಪರೆಯವರು. ಪುಸ್ತಕದ ಕೊನೆಯ ಟಿಪ್ಪಣಿಯಲ್ಲಿ ಲೇಖಕಿ, ಅಮೆರಿಕದಲ್ಲಿ ಕಪ್ಪು ಜನರ ಮೇಲೆ ನಡೆಯುವ ಪೊಲೀಸ್ ಹಿಂಸೆಯ ಸುದ್ದಿಗಳು ತಮ್ಮನ್ನು ಈ ಬರವಣಿಗೆಗೆ ಹಚ್ಚಿದವೆಂದು ನೇರವಾಗಿ ಹೇಳಿದ್ದಾರೆ. ಇಲ್ಲಿ ಬೆಲೆಯನ್ನು ವಸೂಲು ಮಾಡುವುದು ಪ್ರಭುತ್ವ, ಮತ್ತು ಹುಟ್ಟಿದ್ದೇ ಅಪರಾಧವಾದವರಿಂದ. ಈ ವಸ್ತುವಿನ ಬಿಸಿ ಪುಸ್ತಕದ ಉದ್ದಕ್ಕೂ ಆರುವುದಿಲ್ಲ. ಆದರೆ ಝೇಲಿ, ರಾಜಕುಮಾರಿ ಅಮಾರಿ, ರಾಜಕುಮಾರ ಇನಾನ್ ಮೂವರೂ ಸರದಿಯ ಮೇಲೆ ‘ನಾನು’ ಎಂದು ವರ್ತಮಾನ ಕಾಲದಲ್ಲಿ ಕತೆ ಹೇಳುವಾಗ ಮೂವರ ದನಿಯೂ ಒಂದೇ ಎನಿಸುತ್ತದೆ. ಅಧ್ಯಾಯದ ತಲೆಯಲ್ಲಿ ಹೆಸರಿಲ್ಲದಿದ್ದರೆ ಮಾತಾಡುತ್ತಿರುವವರು ಯಾರೆಂದು ಹಲವೆಡೆ ಹೇಳಲಾಗದು. ಪ್ರತಿ ಅಧ್ಯಾಯವೂ ಅಪಾಯದ ತುದಿಯಲ್ಲಿ ನಿಲ್ಲುವುದರಿಂದ 500 ಪುಟ ಮೀರಿದ ಪುಸ್ತಕ ಬೇಗ ಓದಿಸಿಕೊಳ್ಳುತ್ತದೆ, ಆದರೆ ಉಸಿರಾಡಲು ಬಿಡುವುದಿಲ್ಲ. ತನ್ನ ಊರನ್ನು ಸುಟ್ಟ ಪಡೆಯ ನಾಯಕನಾದ ಇನಾನ್‌ನೊಡನೆ ಝೇಲಿಗೆ ಮೂಡುವ ಪ್ರೀತಿಗೆ ಕಾದಂಬರಿ ಬೇಕಾದ ಸಮಯ ಕೊಟ್ಟಿಲ್ಲ.

ಗಟ್ಟಿಯಾಗಿ ಓದುವಾಗ ಪುಸ್ತಕಗಳ ಅಂತರ ಇನ್ನಷ್ಟು ಸ್ಪಷ್ಟವಾಗುತ್ತದೆ. ಲೆ ಗ್ವಿನ್ ಅವರ ವಾಕ್ಯಗಳು ದನಿಗೆಂದೇ ಬರೆದಂತಿವೆ: ಚಿಕ್ಕ ಪದಗಳು, ಸಮನಾದ ಲಯ, ಸಮುದ್ರ, ಗಾಳಿ, ದೋಣಿಗಳ ಹೆಸರುಗಳ ಮರುಕಳಿಕೆ. ಓದುತ್ತ ಹೋದಂತೆ ನನ್ನ ದನಿ ತಾನಾಗಿಯೇ ತಗ್ಗುತ್ತಿತ್ತು. ಪುಲ್‌ಮನ್ ಸಂಭಾಷಣೆಯ ಸೊಗಸುಗಾರರು. ಬಲೂನ್ ಯಾನಿ ಲೀ ಸ್ಕೋರ್ಸ್‌ಬಿಯ ಮಾತಿಗೂ ಕರಡಿ ಯೋರೆಕ್‌ನ ಮಾತಿಗೂ ದನಿ ಬದಲಿಸದೆ ಓದಲಾಗದು. ಅಡೆಯೆಮಿ ಅವರದು ಕಣ್ಣಿನಿಂದ ಓಡುತ್ತ ಓದಬೇಕಾದ ಪುಸ್ತಕ. ‘ಸೇಬ್ರಿಯಲ್’ ಒಬ್ಬರೇ ರಾತ್ರಿ ಕುಳಿತು ಓದಿದರೆ ಹೆಚ್ಚು ರುಚಿಸುತ್ತದೆ.

ನಾನು ಮೇಲಿಟ್ಟ ‘ಅರ್ತ್‌ಸೀ’ಯಲ್ಲಿ ದೋಷವಿಲ್ಲವೆಂದಲ್ಲ, ಮತ್ತು ಅದು ಸಣ್ಣ ದೋಷವೂ ಅಲ್ಲ. ಗಾಂಟ್ ದ್ವೀಪದ ಗಾದೆಯೊಂದು ಹೆಂಗಸರ ಮಂತ್ರವನ್ನು ದುರ್ಬಲವೆಂದೂ ಇನ್ನೊಂದು ಕೆಡುಕೆಂದೂ ಹೀಗಳೆಯುತ್ತದೆ. ಕಾದಂಬರಿ ಅದನ್ನು ಪ್ರಶ್ನಿಸದೆ ಮುಂದೆ ಹೋಗುತ್ತದೆ. ರೋಕ್‌ನ ಶಾಲೆಯಲ್ಲಿರುವವರೆಲ್ಲ ಗಂಡಸರೇ. “ಹುಡುಗೀರಿಗೆ ಆ ಶಾಲೇಲಿ ಸೀಟೇ ಇಲ್ವಾ ಚಿಕ್ಕಮ್ಮ?” ಎಂದು ಅಕ್ಕನ ಮಗಳು ಕೇಳಿದಾಗ ಪುಸ್ತಕದ ಪರವಾಗಿ ಕೊಡಬಹುದಾದ ಉತ್ತರ ನನ್ನಲ್ಲಿರಲಿಲ್ಲ. ಲೈರಾ, ಸೇಬ್ರಿಯಲ್, ಝೇಲಿ ಮೂವರೂ ತಮ್ಮ ಕತೆಯನ್ನು ತಾವೇ ನಡೆಸುವವರಾದ್ದರಿಂದ ಈ ಕೊರತೆ ಪಕ್ಕಪಕ್ಕದ ಓದಿನಲ್ಲಿ ಎದ್ದು ಕಾಣುತ್ತದೆ. ಇನ್ನೊಂದು ವಿಷಯದಲ್ಲಿ ಮಾತ್ರ ಲೆ ಗ್ವಿನ್ ತಮ್ಮ ಕಾಲಕ್ಕಿಂತ ಬಹಳ ಮುಂದಿದ್ದರು. ಗೆಡ್‌ನ ಮೈಬಣ್ಣ ಕೆಂಪುಗಂದು, ಅವನ ಗೆಳೆಯ ವೆಚ್ ಕಪ್ಪು ಮೈಯವನು, ದಾಳಿಗೆ ಬರುವ ಕಾರ್ಗ್ ಜನ ಬಿಳಿಯರು. 1968ರ ಇಂಗ್ಲಿಷ್ ಫ್ಯಾಂಟಸಿಯಲ್ಲಿ ಇದು ಸಾಮಾನ್ಯ ಸಂಗತಿಯಲ್ಲ. 2004ರ ಟಿವಿ ರೂಪಾಂತರದಲ್ಲಿ ಗೆಡ್‌ನನ್ನು ಬಿಳಿಯನನ್ನಾಗಿಸಿದಾಗ ಲೇಖಕಿ ಅದನ್ನು ಬಹಿರಂಗವಾಗಿ ಖಂಡಿಸಿ ಬರೆದರು.

ಅಂತ್ಯಗಳ ವಿಷಯಕ್ಕೆ ಬಂದರೆ ‘ನಾರ್ದರ್ನ್ ಲೈಟ್ಸ್’ ಓದುಗರನ್ನು ಸೇತುವೆಯ ನಡುವೆ ಬಿಟ್ಟುಹೋಗುತ್ತದೆ. ತಾನು ಕಾಪಾಡಲು ಹೊರಟ ಗೆಳೆಯ ರೋಜರ್‌ನನ್ನು ಲೈರಾ ತಾನೇ ಅಪಾಯದ ಬಾಯಿಗೆ ಕರೆದೊಯ್ದಂತಾಗುವ ಆ ಮುಕ್ತಾಯ ಅಸಾಧಾರಣವಾದದ್ದು, ಆದರೆ ‘ದ ಸಟಲ್ ನೈಫ್’ (1997) ಮತ್ತು ‘ದಿ ಆ್ಯಂಬರ್ ಸ್ಪೈಗ್ಲಾಸ್’ (2000) ಓದದೆ ಕತೆ ಪೂರ್ಣವಾಗದು. ಮೊದಲನೆಯದನ್ನು ಕೊಂಡುಕೊಡುವವರು ಮೂರನ್ನೂ ಕೊಳ್ಳಲು ಸಿದ್ಧರಿರಬೇಕು. ಮೂರನೆಯದು ಗಾತ್ರದಲ್ಲೂ ವಿಚಾರದಲ್ಲೂ ಭಾರವಾದದ್ದು, ಚರ್ಚಿನ ಅಧಿಕಾರದ ಮೇಲಿನ ಅದರ ಟೀಕೆಯೂ ಹರಿತವಾದದ್ದು. ಅಡೆಯೆಮಿ ಅವರ ಕತೆಯೂ ಮುಂದಿನ ಸಂಪುಟಗಳಿಗೆ ಹರಿಯುತ್ತದೆ. ‘ಸೇಬ್ರಿಯಲ್’ ಒಂದೇ ಪುಸ್ತಕದಲ್ಲಿ ಮುಗಿಯುತ್ತದೆ. ‘ಅರ್ತ್‌ಸೀ’ ಸುಮಾರು 200 ಪುಟಗಳಲ್ಲಿ, ನಕ್ಷೆಯ ಅಂಚಿನಾಚೆಯ ಸಮುದ್ರದಲ್ಲಿ, ಗೆಡ್ ಆ ನೆರಳಿಗೆ ಅದರ ಹೆಸರು ಹೇಳುವಲ್ಲಿ ಮುಗಿಯುತ್ತದೆ. ಆ ಹೆಸರು ಯಾವುದೆಂದು ನಾನಿಲ್ಲಿ ಬರೆಯುವುದಿಲ್ಲ. ಅದನ್ನು ಮೊದಲೇ ಊಹಿಸಿದವರಿಗೂ ಆ ಕ್ಷಣದ ಬಲ ತಗ್ಗುವುದಿಲ್ಲ ಎಂಬುದಕ್ಕೆ ನನ್ನ ಮರುಓದುಗಳೇ ಸಾಕ್ಷಿ.

ಹಾಗಾಗಿ ನನ್ನ ಕ್ರಮ ಇದು: ‘ಅರ್ತ್‌ಸೀ’, ‘ನಾರ್ದರ್ನ್ ಲೈಟ್ಸ್’, ತುಸು ಅಂತರದಲ್ಲಿ ‘ಸೇಬ್ರಿಯಲ್’, ಕೊನೆಗೆ ‘ಚಿಲ್ಡ್ರನ್ ಆಫ್ ಬ್ಲಡ್ ಆ್ಯಂಡ್ ಬೋನ್’. ಅಕ್ಕನ ಮಗಳು ಮೊದಲೆರಡನ್ನು ಅದಲುಬದಲು ಮಾಡುತ್ತಾಳೆ, ಮತ್ತು ಕೊನೆಯದಕ್ಕೆ ನಾನು ಅನ್ಯಾಯ ಮಾಡುತ್ತಿದ್ದೇನೆ ಎನ್ನುತ್ತಾಳೆ. ತೆರಿಗೆಯ ಭಟರು ಗುಡಿಸಲಿಗೆ ನುಗ್ಗುವ ಆ ದೃಶ್ಯದ ಕೋಪ ಅವಳನ್ನು ಪುಸ್ತಕದ ಕೊನೆಯವರೆಗೂ ನಡೆಸಿತು. ಇಂಗ್ಲಿಷ್ ಓದು ಇನ್ನೂ ಸಲೀಸಾಗದ ಮಕ್ಕಳಿಗೆ ವಾಕ್ಯಗಳ ಸರಳತೆಯ ದೃಷ್ಟಿಯಿಂದ ಅಡೆಯೆಮಿ ಅವರ ಪುಸ್ತಕವೇ ಮೊದಲ ಮೆಟ್ಟಿಲಾಗಬಹುದು ಎಂಬುದನ್ನು ನಾನು ಒಪ್ಪುತ್ತೇನೆ. ಹಿಂಸೆಯ ವರ್ಣನೆಗಳು ಅದರಲ್ಲಿ ಹೆಚ್ಚಿರುವುದರಿಂದ ಹದಿನಾಲ್ಕಕ್ಕಿಂತ ಚಿಕ್ಕವರಿಗೆ ಕೊಡುವ ಮುನ್ನ ದೊಡ್ಡವರು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು. ದೆವ್ವದ ಕತೆಗಳನ್ನು ಬಯಸುವವರಿಗೆ ಯೋಚಿಸದೆ ‘ಸೇಬ್ರಿಯಲ್’ ಕೊಡಬಹುದು.

‘ಅರ್ತ್‌ಸೀ’ ಕೊಡುವವರು ಅದರ ಜೊತೆಗೇ ಎರಡನೆಯ ಸಂಪುಟವಾದ ‘ದ ಟೂಂಬ್ಸ್ ಆಫ್ ಅಟುವಾನ್’ (1971) ಕೂಡ ಕೊಳ್ಳಲಿ. ಕಾರ್ಗ್ ಜನರ ನಾಡಿನಲ್ಲಿ, ನೆಲದಡಿಯ ಕತ್ತಲ ದೇವರುಗಳಿಗೆ ಅರ್ಪಿತಳಾದ ಟೆನಾರ್ ಎಂಬ ಹುಡುಗಿಯ ಕತೆ ಅದು. ಗೆಡ್ ಅಲ್ಲಿ ಕತೆ ಸಾಕಷ್ಟು ಮುಂದೆ ಸಾಗಿದ ಮೇಲಷ್ಟೇ ಪ್ರವೇಶಿಸಿ, ಅವಳ ಸೆರೆಯಾಳಾಗುತ್ತಾನೆ. ಶಾಲೆಯಲ್ಲಿ ಹುಡುಗಿಯರಿಗೇಕೆ ಜಾಗವಿಲ್ಲ ಎಂಬ ಪ್ರಶ್ನೆಯನ್ನು ಲೆ ಗ್ವಿನ್ ನೇರವಾಗಿ ಕೈಗೆತ್ತಿಕೊಳ್ಳುವುದು ಇನ್ನೂ ಮುಂದೆ, 1990ರ ‘ತೆಹಾನು’ವಿನಿಂದ ಆಚೆಗೆ. ಅದು ದೊಡ್ಡವರ ಪುಸ್ತಕ, ಕಾಯಬಹುದು. ಟೆನಾರ್‌ಳ ಕತೆಯನ್ನು ಮಾತ್ರ ಕಾಯಿಸಬೇಕಾಗಿಲ್ಲ. ಮೊದಲ ಸಂಪುಟ ಮುಗಿಸಿದ ವಾರವೇ ಅಕ್ಕನ ಮಗಳು ಅದನ್ನು ತೆಗೆದುಕೊಂಡು ಹೋಗಿದ್ದಾಳೆ.